ಮನೆ ಬಿಟ್ಟ ಮೇಲೆ ನಾವು ಯಾರು?

ಮನೆಯಲ್ಲಿ ಇರುವಷ್ಟು ದಿನ ಯಾರೂ ನಮ್ಮನ್ನು ‘ನೀನು ಯಾರು?’ ಅಂತ ಕೇಳುವುದಿಲ್ಲ. ಕೇಳುವ ಅಗತ್ಯವೇ ಬೀಳುವುದಿಲ್ಲ. ನಾವು ಎಂಥವರು, ಯಾವುದಕ್ಕೆ ಸಿಟ್ಟಾಗುತ್ತೇವೆ, ಯಾವ ಕೆಲಸ ಹೇಳಿದರೆ ನೆಪ ಹುಡುಕುತ್ತೇವೆ, ಎಲ್ಲ ಅವರಿಗೆ ಗೊತ್ತು. ಕೆಲವೊಮ್ಮೆ ನಮಗಿಂತ ಜಾಸ್ತಿ ಗೊತ್ತು. ಹೊಸ ಜಾಗಕ್ಕೆ ಹೋದ ಮೊದಲ ವಾರ ನೋಡಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಹೆಸರೇನು, ಎಲ್ಲಿಂದ ಬಂದಿರಿ, ಏನು ಮಾಡುತ್ತೀರಿ. ನೀವು ಎರಡು ಮೂರು ವಾಕ್ಯ ಹೇಳುತ್ತೀರಿ. ಅಲ್ಲಿಗೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಇಷ್ಟು ವರ್ಷ ಬದುಕಿದ್ದು ಮೂರು ವಾಕ್ಯಕ್ಕೆ ಮುಗಿದುಹೋಯಿತಾ ಅಂತ ಒಳಗೊಳಗೇ ಕಸಿವಿಸಿ ಆಗುತ್ತದೆ.

ಆ ಕಸಿವಿಸಿಯೇ ಇವತ್ತಿನ ನನ್ನ ಮಾತಿನ ವಿಷಯ. ಮನೆ ಬಿಡುವುದು ಅಂದರೆ ಯಾವ ಕಾರಣಕ್ಕಾದರೂ ಇರಬಹುದು. ಓದು, ಕೆಲಸ, ಮದುವೆ, ಅಥವಾ ಅಲ್ಲಿ ಇರಲಾಗದೆ ಹೊರಟದ್ದು. ದೂರ ಎಷ್ಟು ಅನ್ನುವುದು ನಾವು ಅಂದುಕೊಂಡಷ್ಟು ಮುಖ್ಯ ಅಲ್ಲ. 1688ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಮನೆಯ ಹಂಬಲವನ್ನೇ ಒಂದು ಕಾಯಿಲೆ ಅಂತ ಹೇಳಿ ಪ್ರಬಂಧ ಬರೆದ. ಅದರಲ್ಲಿ ಬರ್ನ್‌ನಿಂದ ಬಾಸೆಲ್‌ಗೆ ಬಂದ ಒಬ್ಬ ಯುವಕನ ಕಥೆ ಬರುತ್ತದೆ. ಜ್ವರ, ಸಂಕಟ, ಇನ್ನೇನು ಉಳಿಯುವುದಿಲ್ಲ ಅನ್ನುವ ಸ್ಥಿತಿ. ಕೊನೆಗೆ ಮನೆಗೆ ಕಳಿಸೋಣ ಅಂತ ತೀರ್ಮಾನ ಆಯಿತು. ಹೊರಡುವ ತಯಾರಿ ನೋಡಿಯೇ ಅವನಿಗೆ ಉಸಿರು ಬಂತು. ಬರ್ನ್ ತಲುಪುವ ಮೊದಲೇ ಚೇತರಿಸಿಕೊಂಡ. ಎರಡೂ ಊರುಗಳ ನಡುವೆ ಇರುವುದು ಸುಮಾರು 100 ಕಿಲೋಮೀಟರ್, ಅಷ್ಟೇ. ಇವತ್ತು ಯಾರೂ ಇದನ್ನು ಕಾಯಿಲೆ ಅನ್ನುವುದಿಲ್ಲ. ಆದರೆ ಆ ಹುಡುಗನನ್ನು ಹಿಂಡಿದ್ದು ದೂರ ಅಲ್ಲ ಅನ್ನುವುದಂತೂ ಸ್ಪಷ್ಟ.

ಮನೆ ಬಿಟ್ಟರೆ ನಿಮ್ಮನ್ನು ನೀವು ಕಂಡುಕೊಳ್ಳುತ್ತೀರಿ ಅಂತ ಎಲ್ಲ ಕಡೆ ಹೇಳುತ್ತಾರೆ. ನನಗೆ ಆ ಮಾತಿನ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಎಲ್ಲೋ ಅಡಗಿ ಕೂತಿದ್ದ ಅಸಲಿ ‘ನಾನು’ ಬಸ್ಸು ಹತ್ತಿದ ಕೂಡಲೇ ಹೊರಗೆ ಬಂದುಬಿಡುತ್ತದೆ ಅನ್ನುವುದು ಕೇಳುವುದಕ್ಕೆ ಚೆನ್ನಾಗಿದೆ. ನಡೆಯುವುದು ಬೇರೆ. ಚಪ್ಪರಕ್ಕೆ ಹಬ್ಬಿದ ಬಳ್ಳಿ ಎಷ್ಟು ತನ್ನ ಬಲದ ಮೇಲೆ ನಿಂತಿದೆ, ಎಷ್ಟು ಚಪ್ಪರದ ಬಲದ ಮೇಲೆ ನಿಂತಿದೆ ಅಂತ ಚಪ್ಪರ ಇರುವ ತನಕ ಗೊತ್ತಾಗುವುದಿಲ್ಲ. ಮನೆ ಬಿಟ್ಟಾಗ ಮೊದಲು ಆಗುವುದು ಇದು. ನಮ್ಮದು ಅಂದುಕೊಂಡಿದ್ದರಲ್ಲಿ ಎಷ್ಟೋ ಆ ಮನೆ ಹಿಡಿದುಕೊಂಡಿದ್ದು ಅಂತ ಕಾಣಿಸುತ್ತದೆ. ಬದಲಾವಣೆ ಅನ್ನುವುದು ಆಮೇಲಿನ ಮಾತು.

ಒಂದು ಮನೆಯಲ್ಲಿ ಮೂವರು ಮಕ್ಕಳು ಅಂದುಕೊಳ್ಳಿ. ದೊಡ್ಡವಳು ಜವಾಬ್ದಾರಿಯವಳು. ನಡುವಿನವನು ಮುಂಗೋಪಿ. ಚಿಕ್ಕವನು ಮರೆಗುಳಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ ಇದು. ಯಾವಾಗಲೋ ಒಂದು ಸಲ ಚಿಕ್ಕವನು ಕೊಡೆ ಕಳೆದುಕೊಂಡು ಬಂದ, ಎಲ್ಲರೂ ನಕ್ಕರು, ಆಮೇಲೆ ಅವನ ಕೈಗೆ ಯಾರೂ ಮುಖ್ಯವಾದದ್ದು ಏನೂ ಕೊಡಲಿಲ್ಲ. ಕೊಡದ ಮೇಲೆ ನೆನಪಿಟ್ಟುಕೊಳ್ಳುವ ಅಭ್ಯಾಸವೂ ಆಗಲಿಲ್ಲ. ಹದಿನೆಂಟು ತುಂಬುವಷ್ಟರಲ್ಲಿ ‘ನಾನು ಮರೆಗುಳಿ’ ಅಂತ ಅವನೇ ಹೇಳಿಕೊಂಡು ತಿರುಗುತ್ತಾನೆ. ಈಗ ಅವನು ಬೇರೆ ಕಡೆ ಹೋಗಿ ಇನ್ನಿಬ್ಬರ ಜೊತೆ ರೂಮು ಹಿಡಿಯುತ್ತಾನೆ. ಆ ಇಬ್ಬರು ಇವನಿಗಿಂತ ಕಡೆ. ಬಾಡಿಗೆಯ ದಿನ ಯಾರಿಗೂ ನೆನಪಿಲ್ಲ, ಕೀಲಿ ಎಲ್ಲಿಟ್ಟರೋ ಗೊತ್ತಿಲ್ಲ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ರೂಮಿನಲ್ಲಿ ಎಲ್ಲವನ್ನೂ ನೆನಪಿಡುವವನು ಇವನೇ ಆಗಿರುತ್ತಾನೆ. ಮನೆಗೆ ಫೋನ್ ಮಾಡಿ ಹೇಳಿದರೆ ಅಕ್ಕ ಬಿದ್ದು ಬಿದ್ದು ನಗುತ್ತಾಳೆ.

ಅವನು ಬದಲಾದನಾ? ಅಥವಾ ಅವನು ಮರೆಗುಳಿ ಆಗಿರಲೇ ಇಲ್ಲವಾ? ಎರಡೂ ಸರಿಯಲ್ಲ ಅಂತ ನನಗನಿಸುತ್ತದೆ. ಆ ಮರೆವು ಅವನೊಬ್ಬನದಾಗಿರಲಿಲ್ಲ. ಅವನು ಮತ್ತು ಆ ಮನೆ ಇಬ್ಬರೂ ಸೇರಿ ಸಾಕಿದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದರ ಹತ್ತಿರ ಬಂದಿದ್ದರು. ಒಬ್ಬ ಮನುಷ್ಯನನ್ನು ಎಷ್ಟು ಜನ ಗುರುತಿಸುತ್ತಾರೋ ಅವನಿಗೆ ಅಷ್ಟು ಸಾಮಾಜಿಕ ‘ನಾನು’ಗಳಿರುತ್ತವೆ ಅನ್ನುವುದು ಅವರ ವಾದ. ಅದನ್ನು ಒಪ್ಪಿದರೆ ಲೆಕ್ಕ ಸುಲಭ. ಮನೆ ಬಿಟ್ಟವರು ಜನರನ್ನು ಮಾತ್ರ ಬಿಟ್ಟು ಬರುವುದಿಲ್ಲ. ಆ ಜನರ ಹತ್ತಿರ ಇದ್ದ ತಮ್ಮ ಒಂದೊಂದು ರೂಪವನ್ನೂ ಬಿಟ್ಟು ಬರುತ್ತಾರೆ.

ಇದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ತಮಾಷೆಯಲ್ಲಿ. ಒಂಟಿತನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತಮಾಷೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ಮನೆಯಲ್ಲಿ, ಹಳೆಯ ಗೆಳೆಯರಲ್ಲಿ, ನೀವು ಬಾಯಿ ತೆರೆದರೆ ಜನ ನಗುತ್ತಿದ್ದರು ಅನ್ನಿ. ಹೊಸ ಕಡೆ ಅದೇ ಧಾಟಿಯಲ್ಲಿ ಒಂದು ಮಾತು ಬಿಡುತ್ತೀರಿ. ಎದುರಿಗಿದ್ದವರು ‘ಹೌದಾ?’ ಅನ್ನುತ್ತಾರೆ. ಅವರು ಅದನ್ನು ನಿಜ ಅಂದುಕೊಂಡಿದ್ದಾರೆ! ಇನ್ನೊಂದು ಸಲ ಪ್ರಯತ್ನ ಮಾಡುತ್ತೀರಿ. ಈ ಸಲ ಯಾರಿಗೋ ಬೇಜಾರಾಗುತ್ತದೆ. ಆಮೇಲೆ ಸುಮ್ಮನಾಗುತ್ತೀರಿ. ಮೂರು ತಿಂಗಳಾದ ಮೇಲೆ ಅಲ್ಲಿನವರು ನಿಮ್ಮ ಬಗ್ಗೆ ‘ತುಂಬಾ ಗಂಭೀರ ಸ್ವಭಾವ’ ಅನ್ನುತ್ತಾರೆ. ಇದನ್ನು ಕೇಳಿ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ, ಅಲ್ವಾ? ತಮಾಷೆ ಅನ್ನುವುದು ಹೇಳುವವರ ಬಾಯಲ್ಲಿ ಮಾತ್ರ ಇರುವುದಿಲ್ಲ. ಹತ್ತು ವರ್ಷ ಜೊತೆಗೆ ಕಂಡ ಸಂಗತಿಗಳು, ಜೊತೆಗೆ ಅಣಕಿಸಿದ ಮೇಷ್ಟ್ರು, ಒಂದೇ ಕಣ್ಣಸನ್ನೆ, ಇವೆಲ್ಲ ಕೆಳಗೆ ಇದ್ದರೆ ಮಾತ್ರ ಮೇಲಿನ ಮಾತಿಗೆ ನಗು ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತ ಒಬ್ಬರು ತಲೆಯಾಡಿಸುತ್ತಿದ್ದೀರಿ. ನಿಮಗೂ ಆಗಿದೆ ಅನಿಸುತ್ತದೆ. ‘ನಾನು ಸಪ್ಪೆ ಆಗಿಬಿಟ್ಟೆ’ ಅಂತ ತೀರ್ಮಾನಕ್ಕೆ ಬರಬೇಡಿ. ಕೇಳುವವರು ಇನ್ನೂ ತಯಾರಾಗಿಲ್ಲ, ಅಷ್ಟೇ. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಜನರ ಹಾಗೆಯೇ ಜಾಗವೂ ನಮ್ಮ ಒಂದಷ್ಟು ಭಾಗವನ್ನು ಹಿಡಿದುಕೊಂಡಿರುತ್ತದೆ. ‘ನನ್ನ ಸ್ವಭಾವ’ ಅನ್ನುವುದರಲ್ಲಿ ದೊಡ್ಡ ಪಾಲು ಅಭ್ಯಾಸ. ಅಭ್ಯಾಸಕ್ಕೆ ಜಾಗ ಬೇಕು. ಇದೇ ಕುರ್ಚಿ, ಇದೇ ಹೊತ್ತು, ಇದೇ ದಾರಿ. 2005ರಲ್ಲಿ ವೆಂಡಿ ವುಡ್ ಮತ್ತು ಜೊತೆಗಾರರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾದ ವಿದ್ಯಾರ್ಥಿಗಳನ್ನು ಗಮನಿಸಿದರು. ವ್ಯಾಯಾಮ, ಪತ್ರಿಕೆ ಓದುವುದು, ಟೀವಿ ನೋಡುವುದು, ಈ ಮೂರು ಅಭ್ಯಾಸ. ಹೊಸ ಕಡೆಯೂ ಸುತ್ತಲಿನ ವ್ಯವಸ್ಥೆ ಹಳೆಯದರಂತೆಯೇ ಇದ್ದರೆ ಅಭ್ಯಾಸ ಉಳಿಯಿತು. ವ್ಯವಸ್ಥೆ ಬದಲಾಗಿದ್ದರೆ ಗಟ್ಟಿಯಾದ ಅಭ್ಯಾಸವೂ ಸಡಿಲಾಯಿತು. ಆಗ ಅವರು ಏನು ಮಾಡಬೇಕು ಅಂದುಕೊಂಡಿದ್ದರೋ ಅದರ ಪ್ರಕಾರ ನಡೆಯತೊಡಗಿದರು.

ಇದರ ದೊಡ್ಡ ಉದಾಹರಣೆ ಬೇಕೆಂದರೆ ಒಂದು ಅಡ್ಡದಾರಿ ಹಿಡಿಯುತ್ತೇನೆ. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಎಷ್ಟೋ ಜನ ಹೆರಾಯಿನ್‌ಗೆ ಬಿದ್ದಿದ್ದರು. 1971ರ ಹೊತ್ತಿಗೆ ಇದು ದೊಡ್ಡ ಸುದ್ದಿಯಾಯಿತು. ಇವರೆಲ್ಲ ಊರಿಗೆ ಬಂದರೆ ಏನು ಗತಿ ಅಂತ ಸರ್ಕಾರಕ್ಕೇ ದಿಗಿಲು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ವಾಪಸ್ ಬಂದವರ ಬೆನ್ನು ಹತ್ತಿ ವಿಚಾರಿಸಿದರು. ಅಲ್ಲಿ ಚಟಕ್ಕೆ ಬಿದ್ದವರಲ್ಲಿ, ಮರಳಿದ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು 5 ಜನ. ಆ ಕಾಲದಲ್ಲಿ ಇದನ್ನು ನಂಬುವವರೇ ಕಡಿಮೆ ಇದ್ದರು. ಜಾಗ ಬದಲಾಗಿದ್ದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮಾಲು ಅಗ್ಗಕ್ಕೆ ಸಿಗುತ್ತಿತ್ತು, ಯುದ್ಧದ ಭಯ ಇತ್ತು, ಊರಿನಲ್ಲಿ ಎರಡೂ ಇರಲಿಲ್ಲ. ಆದರೆ ಜಾಗ ಅಂದರೆ ಇವೆಲ್ಲವೂ ಸೇರಿದ್ದೇ ತಾನೆ?

ಇದನ್ನು ಕೇಳಿ ‘ಹಾಗಾದರೆ ನಾನು ಹೊಸ ಕಡೆ ಹೋಗಿ ಹೊಸ ಮನುಷ್ಯ ಆಗಿಬಿಡುತ್ತೇನೆ’ ಅಂದುಕೊಳ್ಳುವವರು ಇದ್ದೇ ಇರುತ್ತಾರೆ. ಸ್ವಲ್ಪ ತಾಳಿ. ಹೋದೆಯಾ ಪಿಶಾಚಿ ಅಂದರೆ ಬಂದೆಯಾ ಗವಾಕ್ಷಿಯಲ್ಲಿ ಅನ್ನುವ ಹಾಗೆ ಹಳೆಯದು ಹೊಸ ಕಿಟಕಿಯಲ್ಲಿ ಇಣುಕುತ್ತದೆ. 2016ರಲ್ಲಿ ಬಾಸ್ ವರ್ಪ್ಲಾಂಕನ್ ಮತ್ತು ಡೆಬೊರಾ ರಾಯ್ ಪ್ರಕಟಿಸಿದ ಒಂದು ಅಧ್ಯಯನ ಇದೆ. 800 ಜನ, ಅವರಲ್ಲಿ ಅರ್ಧ ಜನ ಈಚೆಗೆ ಮನೆ ಬದಲಿಸಿದವರು. ನೀರು, ವಿದ್ಯುತ್ತು, ಓಡಾಟ, ಇಂಥ ವಿಷಯಗಳಲ್ಲಿ ಅಭ್ಯಾಸ ತಿದ್ದಿಕೊಳ್ಳಿ ಅಂತ ಎರಡೂ ಗುಂಪಿನ ಕೆಲವರಿಗೆ ಸಲಹೆ, ಸಾಮಗ್ರಿ ಕೊಟ್ಟರು. ಮನೆ ಬದಲಿಸಿದವರಲ್ಲಿ ಅದು ಹೆಚ್ಚು ನಾಟಿತು. ಆದರೆ ಆ ಅನುಕೂಲ ಸುಮಾರು ಮೂರು ತಿಂಗಳವರೆಗೆ ಮಾತ್ರ. ಆಮೇಲೆ ಹೊಸ ಮನೆಯೂ ಹಳೆಯ ಮನೆಯಂತೆಯೇ ಗಟ್ಟಿಯಾಗುತ್ತದೆ. ಹೊಸದಾಗಿ ಹೋದವರು ‘ಮೊದಲು ಸ್ವಲ್ಪ ಸೆಟ್ಲ್ ಆಗುತ್ತೇನೆ, ಆಮೇಲೆ ಎಲ್ಲ ಸರಿ ಮಾಡಿಕೊಳ್ಳುತ್ತೇನೆ’ ಅನ್ನುತ್ತಾರೆ. ಸೆಟ್ಲ್ ಆಗುವುದು ಅಂದರೇ ಬಾಗಿಲು ಮುಚ್ಚುವುದು ಅಂತ ಅವರಿಗೆ ತಿಳಿದಿರುವುದಿಲ್ಲ.

ಇಲ್ಲಿಯವರೆಗೆ ಕಳಚಿದ್ದರ ಮಾತಾಯಿತು. ಈಗ ಆರಿಸಿಕೊಳ್ಳುವುದರ ಮಾತು. 2018ರಲ್ಲಿ ಹಾಯೋ ಆಡಮ್ ಮತ್ತು ಸಂಗಡಿಗರು ಆರು ಅಧ್ಯಯನಗಳನ್ನು ಒಟ್ಟಿಗೆ ಪ್ರಕಟಿಸಿದರು. ಭಾಗವಹಿಸಿದವರು 1,874 ಜನ. ಬೇರೆ ದೇಶದಲ್ಲಿ ಬದುಕಿದವರಿಗೆ ತಾವು ಯಾರು ಅನ್ನುವ ಬಗ್ಗೆ ಹೆಚ್ಚು ಸ್ಪಷ್ಟತೆ ಇರುತ್ತದೆ ಅಂತ ಅವರು ಕಂಡುಕೊಂಡರು. ಇದು ಮೇಲ್ನೋಟಕ್ಕೆ ವಿಚಿತ್ರ. ಕೆಲಸ ಹೋದರೆ, ಮದುವೆ ಮುರಿದರೆ ನಾವು ಯಾರು ಅನ್ನುವುದೇ ಮಸುಕಾಗುತ್ತದೆ. ಮನೆ ಬಿಟ್ಟಾಗ ಮಾತ್ರ ಯಾಕೆ ಉಲ್ಟಾ? ಅವರು ಕೊಡುವ ಕಾರಣ ನನಗೆ ಒಪ್ಪಿಗೆ. ಬೇರೆ ರೀತಿಯಲ್ಲಿ ಬದುಕುವ ಜನರ ನಡುವೆ ಇದ್ದಾಗ ದಿನಕ್ಕೆ ಹತ್ತು ಸಲ ಒಂದು ಪ್ರಶ್ನೆ ಎದುರಾಗುತ್ತದೆ. ಇದನ್ನು ನಾನು ಹೀಗೆ ಮಾಡುತ್ತೇನಲ್ಲ, ನಾನು ನಂಬಿ ಮಾಡುತ್ತಿದ್ದೇನಾ, ಅಥವಾ ನಾನು ಬೆಳೆದ ಕಡೆ ಎಲ್ಲರೂ ಮಾಡುತ್ತಿದ್ದರು ಅಂತ ಮಾಡುತ್ತಿದ್ದೇನಾ? ಹಿರಿಯರೊಬ್ಬರು ತಪ್ಪು ಹೇಳಿದಾಗ ಸುಮ್ಮನಿರುವುದು ನನ್ನ ಗೌರವವಾ, ನನ್ನ ಹೆದರಿಕೆಯಾ? ಬಾಗಿಲು ತಟ್ಟದೆ ಒಳಗೆ ಬರುವವರ ಮೇಲೆ ಸಿಟ್ಟು ಬಂದರೆ, ಆ ಸಿಟ್ಟು ನನ್ನದಾ? ಮನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಯಾಕೆಂದರೆ ಅಲ್ಲಿ ಬೇರೆ ರೀತಿಯೇ ಕಣ್ಣಿಗೆ ಬೀಳುವುದಿಲ್ಲ.

ಕೆಲವು ಉತ್ತರ ‘ಇದು ಮನೆಯದು, ಬಿಡಬಹುದು’ ಅಂತ ಬರುತ್ತದೆ. ಕೆಲವು ‘ಇದು ಮನೆಯದು, ಆದರೂ ನನಗೆ ಬೇಕು’ ಅಂತ ಬರುತ್ತದೆ. ಎರಡನೆಯದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮನೆ ಬಿಟ್ಟು ಬದಲಾಗುವುದು ಅಂದರೆ ಎಲ್ಲ ಕಳಚಿಹಾಕುವುದು ಅಂತ ಭಾವಿಸುತ್ತಾರೆ. ಮನೆಯಲ್ಲಿದ್ದಾಗ ಬರೀ ರೂಢಿಯಾಗಿದ್ದದ್ದನ್ನು ದೂರ ಹೋದ ಮೇಲೆ ಬೇಕೆಂದೇ ಇಟ್ಟುಕೊಳ್ಳುವವರು ನನಗೆ ಎಷ್ಟೋ ಜನ ಗೊತ್ತು. ಹೊರಗಿನಿಂದ ನೋಡಿದರೆ ಅವರಲ್ಲಿ ಏನೂ ಬದಲಾಗಿಲ್ಲ. ಅವರ ಒಳಗೆ ಕೇಳಿ ನೋಡಿ.

ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಬಹಳ ಇಷ್ಟ. ಎಷ್ಟು ದೇಶಗಳಲ್ಲಿ ಇದ್ದರು ಅನ್ನುವುದರಿಂದ ಈ ಸ್ಪಷ್ಟತೆ ಬರುವುದಿಲ್ಲ. ಎಷ್ಟು ಕಾಲ ಹೊರಗೆ ಇದ್ದರು ಅನ್ನುವುದರಿಂದ ಬರುತ್ತದೆ. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ ನಮ್ಮಲ್ಲಿ. ಸುತ್ತುವುದೇನೋ ಸರಿ. ಆದರೆ ಸುತ್ತುತ್ತಲೇ ಇದ್ದರೆ ಯಾವ ಜಾಗವೂ ನಿಮ್ಮನ್ನು ಪ್ರಶ್ನೆ ಕೇಳುವಷ್ಟು ಹತ್ತಿರ ಬರುವುದಿಲ್ಲ. ಪ್ರವಾಸಿಯಾಗಿ ಹೋದವರು ‘ಇಲ್ಲಿಯ ಜನ ಹೀಗೆ’ ಅಂತ ಹೇಳಿ ಮುಂದೆ ಹೋಗಬಹುದು. ಅಲ್ಲೇ ಎರಡು ವರ್ಷ ಇರಬೇಕಾದವರಿಗೆ ಆ ಜನರ ಜೊತೆ ನೀರಿನ ಬಿಲ್ಲು ಹಂಚಿಕೊಳ್ಳಬೇಕು, ಜಗಳ ಆಡಬೇಕು, ರಾಜಿ ಆಗಬೇಕು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇಂಥ ಅಧ್ಯಯನಗಳಲ್ಲಿ ಬರುವವರಲ್ಲಿ ಓದಿಗೋ ಕೆಲಸಕ್ಕೋ ತಾವಾಗಿ ಹೋದವರೇ ಜಾಸ್ತಿ. ಯುದ್ಧಕ್ಕೋ ಪ್ರವಾಹಕ್ಕೋ ಸಿಕ್ಕಿ ರಾತ್ರೋರಾತ್ರಿ ಮನೆ ಬಿಟ್ಟವರಿಗೆ ‘ನಿಮಗೆ ನಿಮ್ಮ ಬಗ್ಗೆ ಸ್ಪಷ್ಟತೆ ಸಿಗುತ್ತದೆ’ ಅಂತ ಹೇಳುವುದು ಕ್ರೂರ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅಂತ ಯೋಚಿಸುವುದಕ್ಕೆ ಮೊದಲು ತಲೆಯ ಮೇಲೆ ಸೂರು ಬೇಕು, ವಾಪಸ್ ಹೋಗುವ ದಾರಿ ಇದೆ ಅನ್ನುವ ಧೈರ್ಯ ಬೇಕು.

ತಾವಾಗಿ ಹೋದವರಿಗೂ ಇದು ಮೊದಲ ವಾರದಲ್ಲಿ ಆಗುವುದಿಲ್ಲ. 1955ರಲ್ಲಿ ಸ್ವೆರೆ ಲೀಸ್ಗೋರ್ ಅನ್ನುವವರು ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯ ಸುಮಾರು 200 ಜನರನ್ನು ಮಾತಾಡಿಸಿ ಒಂದು ಗೆರೆ ಎಳೆದರು. ಮೊದಲು ಸಂಭ್ರಮ, ನಡುವೆ ಕುಸಿತ, ಆಮೇಲೆ ಮತ್ತೆ ಏರು. ಈ ಗೆರೆಯನ್ನು ಇವತ್ತಿಗೂ ಹೊರಡುವವರಿಗೆ ತೋರಿಸುತ್ತಾರೆ. ಆದರೆ 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಜೊತೆಗಾರರು ನ್ಯೂಜಿಲೆಂಡಿಗೆ ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದ ದಿನದಿಂದ ಒಂದು ವರ್ಷ ಗಮನಿಸಿದಾಗ ಕಂಡದ್ದೇ ಬೇರೆ. ಅವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಆಗಿದ್ದು ಬಂದ ಹೊಸತರಲ್ಲೇ. ಸಂಭ್ರಮ ಎಲ್ಲಿಂದ ಬಂತು! ಮೊದಲ ದಿನವೇ ಅತ್ತರೆ ನಿಮ್ಮಲ್ಲಿ ಏನೋ ಕೊರತೆ ಇದೆ ಅಂತಲ್ಲ. ಗೆರೆ ನೋಡಿ ನಿಮ್ಮನ್ನು ಅಳೆದುಕೊಳ್ಳಬೇಡಿ.

ಇನ್ನೊಂದು ಅನುಮಾನ ನಿಮಗೆ ಬಂದಿರಬಹುದು. ಹೋಗುವವರು ಮೊದಲೇ ಧೈರ್ಯಸ್ಥರು, ಅದಕ್ಕೇ ಹೋಗುತ್ತಾರೆ. ಹೋಗಿ ಬದಲಾದರು ಅಂತ ಹೇಗೆ ಹೇಳುವುದು? ಒಳ್ಳೆಯ ಅನುಮಾನ. ಜೂಲಿಯಾ ಜಿಮ್ಮರ್‌ಮನ್ ಮತ್ತು ಫ್ರಾಂಜ್ ನೇಯರ್ 2013ರಲ್ಲಿ ಜರ್ಮನಿಯ 1,134 ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ವಿದೇಶಕ್ಕೆ ಓದಲು ಹೋದವರೂ ಇದ್ದರು, ಜರ್ಮನಿಯಲ್ಲೇ ಉಳಿದವರೂ ಇದ್ದರು. ಹೊರಡುವ ಮೊದಲೇ ಇಬ್ಬರಲ್ಲೂ ವ್ಯತ್ಯಾಸ ಇತ್ತು, ನಿಜ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹೋದವರು ಹೊಸದಕ್ಕೆ ಹೆಚ್ಚು ತೆರೆದುಕೊಂಡಿದ್ದರು, ಅವರ ಆತಂಕ ಕಡಿಮೆಯಾಗಿತ್ತು. ಇದಕ್ಕೆ ಕಾರಣವಾಗಿ ಕಂಡದ್ದು ಅಲ್ಲಿ ಅವರು ಕಟ್ಟಿಕೊಂಡ ಹೊಸ ಸಂಬಂಧಗಳು. ವಿಮಾನ ಹತ್ತಿದ್ದರಿಂದ ಯಾರೂ ಬದಲಾಗುವುದಿಲ್ಲ, ಇಳಿದ ಮೇಲೆ ಯಾರ ಜೊತೆ ಬೆರೆತರು ಅನ್ನುವುದರಿಂದ ಬದಲಾಗುತ್ತಾರೆ.

ಇಲ್ಲಿ ಫೋನಿನ ಮಾತು ಬರಲೇಬೇಕು. ಈಗ ಮನೆ ಬಿಟ್ಟರೂ ಮನೆ ಬಿಡದೆ ಇರಬಹುದು. ಸಂಜೆಯಾದರೆ ವಿಡಿಯೋ ಕಾಲ್. ಮನೆಯವರ ಎದುರು ಹಳೆಯ ‘ನಾನು’ ಹಾಜರಾಗಬೇಕು. ಅದೇ ಧ್ವನಿ, ಅದೇ ರೇಗಾಟ, ಅದೇ ‘ಎಲ್ಲ ಚೆನ್ನಾಗಿದೆ ಅಮ್ಮ’. ಹಗಲು ಪೂರ್ತಿ ಬೇರೆ ಯಾರೋ ಆಗಲು ಒದ್ದಾಡಿ, ಸಂಜೆ ಅರ್ಧ ಗಂಟೆ ಹಳಬನಾಗುವುದು. ಇದು ದಣಿವು ತರುತ್ತದೆ. ಆದರೆ ಫೋನ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಆ ಅರ್ಧ ಗಂಟೆಯೇ ಎಷ್ಟೋ ಜನರನ್ನು ಉಳಿಸಿದೆ. ನನ್ನ ತಕರಾರು ಇಷ್ಟೇ, ಫೋನಿನಲ್ಲಿ ಹೊಸ ಸಂಗತಿಗಳನ್ನು ನಾವು ಮುಚ್ಚಿಡುತ್ತೇವೆ. ಅಲ್ಲಿ ಆದ ಸೋಲು ಹೇಳುವುದಿಲ್ಲ, ಗಾಬರಿಯಾಗುತ್ತಾರೆ ಅಂತ. ಅಲ್ಲಿ ಸಿಕ್ಕ ಖುಷಿಯನ್ನೂ ಹೇಳುವುದಿಲ್ಲ, ನಮ್ಮನ್ನು ಮರೆತುಬಿಟ್ಟ ಅಂದುಕೊಳ್ಳುತ್ತಾರೆ ಅಂತ. ಮನೆಯವರಿಗೆ ಹೋಗುವುದು ವರ್ಷಗಟ್ಟಲೆ ಹಳೆಯ ಫೋಟೋ. ಇದರ ಫಲ ಮುಂದೆ ಮನೆಗೆ ಹೋದಾಗ ಗೊತ್ತಾಗುತ್ತದೆ. ಅಲ್ಲಿಗೆ ಬರುತ್ತೇನೆ.

ಅದಕ್ಕೆ ಮೊದಲು ಭಾಷೆ. ಮನೆ ಬಿಟ್ಟು ಬೇರೆ ಭಾಷೆಯ ನಡುವೆ ಬದುಕುವವರು ‘ಆ ಭಾಷೆಯಲ್ಲಿ ನಾನು ಬೇರೆಯೇ ಮನುಷ್ಯ’ ಅನ್ನುವುದುಂಟು. ಸುಮ್ನೆ ಹೇಳುವ ಮಾತಲ್ಲ ಅದು. 2003ರಲ್ಲಿ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಗಾರರು, ಟರ್ಕಿಶ್ ಮಾತೃಭಾಷೆಯಾಗಿದ್ದು ಆಮೇಲೆ ಇಂಗ್ಲಿಷ್ ಕಲಿತವರ ಚರ್ಮದಲ್ಲಿ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆದರು. ಮನಸ್ಸು ಕಲಕಿದಾಗ ಇದು ಏರುತ್ತದೆ. ಚಿಕ್ಕಂದಿನಲ್ಲಿ ದೊಡ್ಡವರು ಬೈಯುವ ‘ನಾಚಿಕೆಯಾಗಲ್ವಾ’ ತರಹದ ಮಾತುಗಳು ಟರ್ಕಿಶ್‌ನಲ್ಲಿ ಕಿವಿಗೆ ಬಿದ್ದಾಗ ಅವರ ಮೈ ಜೋರಾಗಿ ಸ್ಪಂದಿಸಿತು. ಇಂಗ್ಲಿಷ್‌ನಲ್ಲಿ ಅಂಥದ್ದೇ ಬೈಗುಳ ಅಷ್ಟು ತಟ್ಟಲಿಲ್ಲ. ನಮ್ಮನ್ನು ಗದರಿದ ಭಾಷೆ ನಮ್ಮ ಮೈಯಲ್ಲಿದೆ. ಹೊಸ ಭಾಷೆಯಲ್ಲಿ ಕೆಲವರು ಮೊದಲ ಸಲ ಗಟ್ಟಿಯಾಗಿ ‘ಆಗುವುದಿಲ್ಲ’ ಅಂತ ಹೇಳಲು ಕಲಿಯುತ್ತಾರೆ. ಅದೇ ಮಾತು ಮನೆಯ ಭಾಷೆಯಲ್ಲಿ ಗಂಟಲಲ್ಲೇ ನಿಲ್ಲುತ್ತದೆ.

ನೆನಪೂ ಹೀಗೆಯೇ ಹೊಸದಾಗಿ ಜೋಡಣೆಯಾಗುತ್ತದೆ. ವಯಸ್ಸಾದವರನ್ನು ಬದುಕಿನ ನೆನಪು ಹೇಳಿ ಅಂದರೆ ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷದ ನಡುವಿನ ಸಂಗತಿಗಳು ಹೆಚ್ಚಾಗಿ ಬರುತ್ತವೆ. ರಾಬರ್ಟ್ ಶ್ರಾಫ್ ಮತ್ತು ಡೇವಿಡ್ ರೂಬಿನ್ 1998ರಲ್ಲಿ, ಅಮೆರಿಕಕ್ಕೆ ವಲಸೆ ಬಂದಿದ್ದ ಸ್ಪ್ಯಾನಿಶ್ ಮಾತಿನ ಹಿರಿಯರನ್ನು ಕೇಳಿದರು. ಚಿಕ್ಕ ಅಧ್ಯಯನ, ಕೆಲವೇ ಜನ. ಆದರೂ ಒಂದು ವಿಷಯ ಕಂಡಿತು. ಮೂವತ್ತು ದಾಟಿದ ಮೇಲೆ ಬಂದವರ ನೆನಪಿನ ರಾಶಿ ಇನ್ನೂ ಮುಂದಕ್ಕೆ ಸರಿದಿತ್ತು, ಅವರು ಬಂದ ಕಾಲದ ಸುತ್ತ ಗುಂಪುಗೂಡಿತ್ತು. ನಲವತ್ತರಿಂದ ಅರವತ್ತರ ನಡುವೆ ಮನೆ ಬದಲಿಸಿದವರಲ್ಲೂ ಹೀಗೇ ಆಗುತ್ತದೆ ಅಂತ 2016ರ ಇನ್ನೊಂದು ಅಧ್ಯಯನ ಹೇಳುತ್ತದೆ. ನಮ್ಮ ಕಥೆಯನ್ನು ನಾವೇ ಹೇಳಿಕೊಳ್ಳುವಾಗ ‘ಅಲ್ಲಿಗೆ ಹೋಗುವ ಮೊದಲು’, ‘ಹೋದ ಮೇಲೆ’ ಅಂತ ಎರಡು ಅಧ್ಯಾಯ ಆಗಿಬಿಡುತ್ತದೆ. ಮೊದಲ ಅಧ್ಯಾಯದ ಮನೆ ಹೊರಟ ದಿನಕ್ಕೇ ನಿಂತಿರುತ್ತದೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ದೂರದ ಮನೆಗೂ ಸರಿ.

ಮನೆಗೆ ಮರಳಿದಾಗ ಆಗುವುದನ್ನು ಸಮಾಜಶಾಸ್ತ್ರಜ್ಞ ಆಲ್ಫ್ರೆಡ್ ಶುಟ್ಸ್ ಚೆನ್ನಾಗಿ ಹಿಡಿದಿದ್ದಾರೆ. ಅವರು ವಿಯೆನ್ನಾದವರು. ನಾಜಿಗಳ ಕಾಲದಲ್ಲಿ ಊರು ಬಿಟ್ಟು 1939ರಲ್ಲಿ ನ್ಯೂಯಾರ್ಕ್ ಸೇರಿದವರು. 1944ರಲ್ಲಿ ಹೊಸ ಜಾಗಕ್ಕೆ ಬಂದ ಅಪರಿಚಿತನ ಬಗ್ಗೆ ಒಂದು ಲೇಖನ ಬರೆದರು, ಮರುವರ್ಷ ಮನೆಗೆ ಮರಳುವವನ ಬಗ್ಗೆ ಇನ್ನೊಂದು. ಹೊಸ ಜಾಗಕ್ಕೆ ಹೋಗುವವರಿಗೆ ಎಲ್ಲ ಬೇರೆ ಇರುತ್ತದೆ ಅಂತ ಗೊತ್ತಿರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡುತ್ತಾರೆ. ಮನೆಗೆ ಮರಳುವವರು ಎಲ್ಲ ಮೊದಲಿನಂತೆ ಇದೆ ಅಂದುಕೊಂಡು ಬರುತ್ತಾರೆ. ಅಲ್ಲೇ ಎಡವುವುದು. ಅವರೂ ಬದಲಾಗಿದ್ದಾರೆ, ಮನೆಯೂ ಬದಲಾಗಿದೆ, ಆದರೆ ಇಬ್ಬರ ಹತ್ತಿರವೂ ಇರುವುದು ಹಳೆಯ ಫೋಟೋ.

ಮೊದಲ ಎರಡು ಗಂಟೆ ಅತಿಥಿ ಸತ್ಕಾರ. ಆಮೇಲೆ ನೋಡಿ. ಹೊರಗೆ ನಲವತ್ತು ಜನರ ಕೆಲಸ ನೋಡಿಕೊಳ್ಳುವ ಹೆಂಗಸು ತಂಗಿಯ ಜೊತೆ ಬಾಚಣಿಗೆಗೆ ಜಗಳ ಆಡುತ್ತಿರುತ್ತಾಳೆ. ‘ಛೆ, ಇಷ್ಟು ವರ್ಷ ದೂರ ಇದ್ದು ಏನು ಕಲಿತೆ’ ಅಂತ ರಾತ್ರಿ ಮಲಗಿ ಯೋಚನೆ ಬೇರೆ. ನನ್ನ ಪ್ರಕಾರ ಇದು ಸೋಲಲ್ಲ. ಆ ಜಗಳಗಂಟಿ ‘ನಾನು’ ಆ ತಂಗಿಯ ಹತ್ತಿರ ಇತ್ತು, ಅಲ್ಲೇ ಇದೆ, ಹೋದಾಗ ಸಿಗುತ್ತದೆ. ಅದು ಹೋಗಲಿ ಅಂತ ಎಷ್ಟು ಜನ ನಿಜವಾಗಿ ಬಯಸುತ್ತೀರಿ? ಕಷ್ಟ ಬರುವುದು ಮನೆಯವರು ಆ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲು ಒಪ್ಪದಿದ್ದಾಗ. ಮರೆಗುಳಿ ಹುಡುಗ ಮನೆಯ ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಅಂದರೆ ಎಲ್ಲರೂ ಮತ್ತೆ ಕೊಡೆಯ ಕಥೆ ತೆಗೆಯುತ್ತಾರೆ.

ಇಲ್ಲಿ ಕೂತವರಲ್ಲಿ ಹೋದವರಿಗಿಂತ ಕಳಿಸಿದವರು ಜಾಸ್ತಿ ಇದ್ದೀರಿ ಅಂತ ಕಾಣುತ್ತದೆ. ನಿಮ್ಮ ಮಾತೂ ಇದೆ. ಮನೆ ಬಿಟ್ಟವರ ‘ನಾನು’ ಬಗ್ಗೆ ರಾಶಿ ಬರೆದಿದ್ದಾರೆ. ಮನೆಯಲ್ಲಿ ಉಳಿದವರ ಬಗ್ಗೆ ಬರೆದದ್ದು ಕಡಿಮೆ. ಅವರೂ ಒಂದು ಹೆಜ್ಜೆ ಇಡದೆಯೇ ಬೇರೆ ಕಡೆ ಹೋಗಿಬಿಡುತ್ತಾರೆ. ಬೆಳಿಗ್ಗೆ ಎಬ್ಬಿಸುವುದು, ಬೈಯುವುದು, ಬರುವ ತನಕ ಎಚ್ಚರ ಇರುವುದು, ಇದರ ಮೇಲೆ ಇಪ್ಪತ್ತು ವರ್ಷ ನಿಂತಿದ್ದ ಒಬ್ಬ ತಾಯಿಗೆ, ಆ ಮಗು ಹೊರಟ ಮರುದಿನ ಬೆಳಿಗ್ಗೆ ಏಳುವುದಕ್ಕೇ ಕಾರಣ ಸಿಗುವುದಿಲ್ಲ. ಅಪ್ಪಂದಿರು ಇದನ್ನು ಹೇಳುವುದಿಲ್ಲ, ಸುಮ್ಮನೆ ಮನೆಯ ಯಾವುದೋ ರಿಪೇರಿಗೆ ಕೈ ಹಾಕುತ್ತಾರೆ. ಉಳಿದ ಮಕ್ಕಳ ಲೆಕ್ಕವೂ ತಿರುಗುತ್ತದೆ. ಜವಾಬ್ದಾರಿಯ ಅಕ್ಕ ಹೋದ ಮೇಲೆ ಆ ಜಾಗ ಖಾಲಿ. ಮುಂಗೋಪಿ ತಮ್ಮ ಒಂದು ದಿನ ತಾನಾಗಿಯೇ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ವರ್ಷದ ಮೇಲೆ ಅಕ್ಕ ಬಂದು ಹಳೆಯ ಹಾಗೆ ಎಲ್ಲರಿಗೂ ಕೆಲಸ ಹಂಚತೊಡಗಿದರೆ ಅವನಿಗೆ ಸಿಟ್ಟು ಬರುತ್ತದೆ. ಅವಳು ‘ಇವನು ಇನ್ನೂ ಮುಂಗೋಪಿಯೇ’ ಅಂದುಕೊಳ್ಳುತ್ತಾಳೆ. ಸಿಟ್ಟಿಗೆ ಈಗ ಬೇರೆ ಕಾರಣ ಇದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಬಂದವರನ್ನು ಮನೆಯವರು ಹೊಸದಾಗಿ ನೋಡಬೇಕು ಅಂತ ಕೇಳುವ ಹಕ್ಕು ಬಂದವರಿಗಿದೆ. ಮನೆಯವರನ್ನೂ ಹಾಗೇ ನೋಡುವ ಕೆಲಸ ಅವರ ಪಾಲಿಗೂ ಇದೆ.

ಕೊನೆಗೆ ಒಬ್ಬರು ಕೇಳಿದರು: ನಾವು ಕೆಲಸದ ಕಾರಣಕ್ಕೆ ಮೇಲಿಂದ ಮೇಲೆ ಊರು ಬದಲಿಸುತ್ತೇವೆ. ಮಕ್ಕಳ ಮೇಲೆ ಏನಾಗುತ್ತದೆ? ಇದಕ್ಕೆ ಒಂದೇ ಉತ್ತರ ಇಲ್ಲ. ಮನಶ್ಶಾಸ್ತ್ರಜ್ಞ ಶಿಗೆಹಿರೊ ಒಯಿಶಿ ಈ ವಿಷಯದಲ್ಲಿ ಬಹಳ ಕೆಲಸ 	ಮಾಡಿದ್ದಾರೆ. ಹೆಚ್ಚು ಸಲ ಊರು ಬದಲಿಸಿದವರು ತಮ್ಮನ್ನು ‘ಇಂಥ ಗುಂಪಿನವನು’ ಅನ್ನುವುದಕ್ಕಿಂತ ‘ಇಂಥ ಗುಣದವನು’ ಅಂತ ಗುರುತಿಸಿಕೊಳ್ಳುತ್ತಾರೆ ಅಂತ 2007ರಲ್ಲಿ ಅವರ ತಂಡ ತೋರಿಸಿತು. ಅದು ಸಹಜ. ಗುಂಪು ಪ್ರತಿ ಸಲ ಹಿಂದೆ ಉಳಿಯುತ್ತದೆ, ಗುಣ ಮಾತ್ರ ಜೊತೆಗೆ ಬರುತ್ತದೆ. 2010ರಲ್ಲಿ ಅವರು ಮತ್ತು ಉಲ್ರಿಚ್ ಶಿಮ್ಮಾಕ್ ಅಮೆರಿಕದ 7,108 ವಯಸ್ಕರ ಮಾಹಿತಿ ನೋಡಿದರು. ಚಿಕ್ಕಂದಿನಲ್ಲಿ ಹೆಚ್ಚು ಸಲ ಊರು ಬದಲಿಸಿದವರಲ್ಲಿ ದೊಡ್ಡವರಾದ ಮೇಲೆ ನೆಮ್ಮದಿ ಕಡಿಮೆ ಇತ್ತು. ಆದರೆ ಇದು ಮುಖ್ಯವಾಗಿ ಕಂಡದ್ದು ಮೌನ ಸ್ವಭಾವದವರಲ್ಲಿ. ಎಲ್ಲರ ಜೊತೆ ಬೇಗ ಬೆರೆಯುವವರಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಮೌನಿಗಳಿಗೆ ಗಟ್ಟಿ ಸ್ನೇಹ ಕಟ್ಟಲು ಸಮಯ ಬೇಕು, ಆ ಸಮಯ ಬರುವಷ್ಟರಲ್ಲಿ ಮತ್ತೆ ಸಾಮಾನು ಕಟ್ಟಿರುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಮರುಪ್ರಶ್ನೆ, ನಿಮ್ಮ ಮಗು ಯಾವ ತರಹದ್ದು? ಮಾತು ಕಡಿಮೆಯ ಮಗುವಾದರೆ ಹೊಸ ಶಾಲೆಯಲ್ಲಿ ಎಲ್ಲದಕ್ಕೂ ಹೆಸರು ಕೊಡು, ಎಲ್ಲರ ಜೊತೆ ಬೆರೆ ಅಂತ ತಳ್ಳಬೇಡಿ. ಹಿಂದಿನ ಊರಿನ ಒಬ್ಬ ಗೆಳೆಯನ ಜೊತೆ ಮಾತು ಮುಂದುವರಿಯುವಂತೆ ನೋಡಿಕೊಳ್ಳಿ. ರಜೆಯಲ್ಲಿ ಸಾಧ್ಯವಾದರೆ ಇಬ್ಬರನ್ನೂ ಸೇರಿಸಿ. ಮುಂದಿನ ವರ್ಗಾವಣೆಯನ್ನು ಒಂದು ವರ್ಷ ಮುಂದೂಡುವ ಅವಕಾಶ ಇದ್ದರೆ, ಮಗುವಿಗೆ ಹೊಸ ಕಡೆ ಒಬ್ಬ ಸ್ನೇಹಿತ ಸಿಕ್ಕ ವರ್ಷವೇ ಅದನ್ನು ಕೇಳಿಕೊಳ್ಳಿ.